ಏಪ್ರಿಲ್‌ವರೆಗೆ ಬದಲಾವಣೆ ಇಲ್ಲ

"ಅದನ್ನ ಮುಟ್ಟಬೇಡಿ!"

ಐಲಾಳ ದನಿ ಅಷ್ಟು ಜೋರಾಗಿ ಎದ್ದದ್ದನ್ನು ಆ ಆಫೀಸಿನಲ್ಲಿ ಯಾರೂ ಕೇಳಿರಲಿಲ್ಲ. ಅವಳೇ ಕೇಳಿರಲಿಲ್ಲ!

ಕುರ್ಚಿಯ ಮೇಲೆ ಹತ್ತಿ ನಿಂತಿದ್ದ ಅಪರಿಚಿತ ಬೆಚ್ಚಿ ತಿರುಗಿದ. ಕಾಲಿಗೆ ಬರೀ ಉಣ್ಣೆಯ ಕಾಲುಚೀಲ. ಒಂದು ಕೈಯಲ್ಲಿ ಬಣ್ಣಬಣ್ಣದ ಚೀಟಿಗಳು. ಇನ್ನೊಂದು ಕೈಯಲ್ಲಿ, ಗೋಡೆಯಿಂದ ಅರ್ಧ ಕಳಚಿ ಜೋತಾಡುತ್ತಿದ್ದ ಅವಳ ವರ್ಷದ ಪಟ್ಟಿ.

ಗೋಡೆಯುದ್ದಕ್ಕೂ ಹರಡಿದ್ದ ಕಾಗದ ಅದು. ಯಾವ ತಿಂಗಳು ಯಾವ ಕೆಲಸ, ಯಾರ ಪರೀಕ್ಷೆ, ಯಾರ ಒಪ್ಪಿಗೆ... ಎಲ್ಲ ಅವಳ ಕೈಬರಹ. ನವೆಂಬರಿನಿಂದ ಮಾರ್ಚ್ ಮುಗಿಯುವವರೆಗೆ ಮಾತ್ರ ಒಂದು ದಪ್ಪ ಕೆಂಪು ಗೆರೆ. ಅದರ ಮೇಲೆ ಎರಡೇ ಪದ: ಬದಲಾವಣೆ ಇಲ್ಲ.

"ಕ್ಷಮಿಸಿ... ಹಳೇದು ಅಂದ್ಕೊಂಡೆ."

"ಹಳೇದೇ. ಅದಕ್ಕೇ ಇನ್ನೂ ಕೆಲಸ ಮಾಡ್ತಿದೆ."

ಅವನು ಕುರ್ಚಿಯಿಂದ ಇಳಿದ. ಕಳಚಿದ ಮೂಲೆಯನ್ನು ಅಂಗೈಯಿಂದ ಸವರಿ ಮತ್ತೆ ಅಂಟಿಸಿದ.

'ಎಂಥ ಮೆತ್ತಗಿನ ಕೈ...' ಅಂದುಕೊಂಡ ಐಲಾ, ಹಾಗೆ ಅಂದುಕೊಂಡದ್ದಕ್ಕೇ ತನ್ನ ಮೇಲೆ ಸಿಟ್ಟಾದಳು.

ಅವನ ಹೆಸರು ಓತ್ಸೊ. ಹೆಲ್ಸಿಂಕಿಯಿಂದ ಗುತ್ತಿಗೆಯ ಮೇಲೆ ಬಂದವನು. ನಮ್ಮ ಕಲ್ತಿಯೊ ಊರಿನ ಮನೆಗಳಿಗೆಲ್ಲ ನೆಲದಡಿಯ ಕೊಳವೆಗಳಲ್ಲಿ ಬಿಸಿನೀರು ಹರಿಸಿ ಬೆಚ್ಚಗಿಡುವ ಕಂಪನಿಯ ಆಫೀಸು ಅದು. ಅದರ ಐಟಿ ವಿಭಾಗಕ್ಕೆ ಹೊಸ ಪಾಠ ಕಲಿಸಲು ಮುಖ್ಯಸ್ಥೆ ರೈಲಿ ಇವನನ್ನು ಕರೆಸಿದ್ದಳು. ವರ್ಷದ ಪ್ಲಾನ್ ಹಾಕಿ ಕೂರುವುದು ಬೇಡ, ಹದಿನೈದು ದಿನಕ್ಕೊಂದು ಚಿಕ್ಕ ಕೆಲಸ ಮುಗಿಸು, ಜನರಿಗೆ ತೋರಿಸು, ತಿದ್ದಿಕೊ, ಮುಂದೆ ಹೋಗು ಎನ್ನುವುದು ಆ ಪಾಠ. ಓತ್ಸೊ ಗಾಳಿ ಬಂದಾಗ ತೂರಿಕೊ ಎನ್ನುವ ಪೈಕಿ.

ಐಲಾ ಮಾತ್ರ ನಿಧಾನವೇ ಪ್ರಧಾನ ಎನ್ನುವವಳು. ಅವಳ ಒಪ್ಪಿಗೆ ಇಲ್ಲದೆ ಅಲ್ಲಿ ಒಂದು ಅಕ್ಷರವೂ ಬದಲಾಗುತ್ತಿರಲಿಲ್ಲ.

"ದೇವರು ವರ ಕೊಟ್ಟರೂ ಪೂಜಾರಿ ಕೊಡಲ್ಲ!" ಎಂದು ಪಕ್ಕದ ಮೇಜಿನ ತೌನೊ ಒಂದು ದಿನ ಕಾಫಿ ಹೊತ್ತಿನಲ್ಲಿ ರೇಗಿಸಿದ. ನಿವೃತ್ತಿಗೆ ಹತ್ತಿರವಾದ ಮನುಷ್ಯ, ಅವನ ಬಾಯಿಗೆ ಬೀಗವಿಲ್ಲ. "ನಮ್ಮ ಪೂಜಾರಿಣಿ ಏಪ್ರಿಲ್‌ಗೆ ಬಾಗಿಲು ತೆಗೀತಾಳೆ ಓತ್ಸೊ, ಅಲ್ಲೀವರೆಗೂ ಪ್ರದಕ್ಷಿಣೆ ಹಾಕ್ತಿರು!"

ಎಲ್ಲರೂ ನಕ್ಕರು. ಓತ್ಸೊ ಮಾತ್ರ ನಗದೆ ಐಲಾಳ ಮುಖವನ್ನೇ ನೋಡಿದ.

ಅಂದು ಮಧ್ಯಾಹ್ನ ಊಟದ ಬಿಡುವಿನಲ್ಲಿ ಹೆಪ್ಪುಗಟ್ಟಿದ ನದಿಯ ಮೇಲೆ ಇಬ್ಬರೂ ನಡೆಯುತ್ತಿದ್ದಾಗ ಕೇಳಿಯೂಬಿಟ್ಟ. "ಆ ಕೆಂಪು ಗೆರೆಯ ಹಿಂದೆ ಯಾರದೋ ಹೆಸರಿದೆ ಅಲ್ವಾ, ಐಲಾ?"

ಅವಳ ಹೆಜ್ಜೆ ನಿಂತಿತು. ಇಷ್ಟು ವರ್ಷ ಯಾರೂ ಹೀಗೆ ಕೇಳಿರಲಿಲ್ಲ...

"ಹಿಲ್ಕಾ," ಎಂದಳು. "ಪಕ್ಕದ ಮನೆಯವರು. ವಯಸ್ಸಾದವರು. ನನಗೆ ಕಾಲುಚೀಲ ಹೆಣೆಯೋದು ಕಲಿಸಿದ್ರು. ಒಂದು ಜನವರೀಲಿ ನಮ್ಮ ಆಫೀಸಿನವರು ಅವಸರದಲ್ಲಿ ಪಂಪು ನಡೆಸೋ ಸಾಫ್ಟ್‌ವೇರ್‌ಗೆ ಅಪ್‌ಡೇಟ್ ಹಾಕಿದ್ರು. ಆಗ ನಾನು ತಂಗಿಯ ಮನೇಲಿ, ಬೇರೆ ಊರಲ್ಲಿದ್ದೆ. ನಮ್ಮ ಬೀದಿಯ ಹೀಟರೆಲ್ಲ ತಣ್ಣಗಾಯ್ತು. ಹೊರಗೆ ಮೈನಸ್ ಮೂವತ್ತು..."

ಅವಳು ಬೂಟಿನ ತುದಿಯಿಂದ ಹಿಮ ಕೆದಕಿದಳು.

"ತಪ್ಪು ಮಾಡಿದವರು ಏನಂದ್ರು ಗೊತ್ತಾ? ಮುಂದಿನ ಹದಿನೈದು ದಿನದಲ್ಲಿ ಸರಿಮಾಡ್ತೀವಿ ಅಂದ್ರು. ಹಿಲ್ಕಾಗೆ ಆ ಹದಿನೈದು ದಿನ ಇರಲಿಲ್ಲ, ಓತ್ಸೊ. ಎದೆಗೆ ಶೀತ ಹೊಕ್ಕಿತ್ತು."

ಓತ್ಸೊ ತನ್ನ ಉಣ್ಣೆಯ ಟೋಪಿ ತೆಗೆದು ಕೈಯಲ್ಲಿ ಹಿಡಿದು ನಿಂತ. ಆ ಚಳಿಯಲ್ಲಿ ಅವನ ಕಿವಿ ಕೆಂಪಾಗುವವರೆಗೂ ಹಾಗೇ ನಿಂತಿದ್ದ. ಅವಳ ಮನಸ್ಸು ಅವನ ಕಡೆಗೆ ವಾಲಿದ್ದು ಆಗಲೇ ಎಂದು ನನ್ನ ಲೆಕ್ಕ.

ಆದರೆ ಅವನೂ ಸುಮ್ಮನೆ ಸೋಲುವ ಆಸಾಮಿಯಲ್ಲ. ಮರುದಿನ ಅವಳನ್ನು ದೂರುಗಳ ಫೋನಿನ ಪಕ್ಕ ಕೂರಿಸಿದ.

"ಕೊಳವೆ ರಿಪೇರಿ ಇರೋ ದಿನ ಮೊದಲೇ ಮೆಸೇಜ್ ಕಳಿಸಿ ಅಂತ ಹೋದ ವರ್ಷವೇ ಕೇಳಿದ್ದೆ," ಎನ್ನುತ್ತಿದ್ದಳು ಒಬ್ಬ ತಾಯಿ. "ಇವತ್ತೂ ಮಗೂಗೆ ಸ್ನಾನ ಮಾಡಿಸೋ ಹೊತ್ತಿಗೆ ಬಿಸಿನೀರಿಲ್ಲ. ಒಂದು ಮೆಸೇಜ್ ಕಳಿಸೋಕೆ ನಿಮಗೆ ಎಷ್ಟು ವರ್ಷ ಬೇಕು?"

ಆ ಕೋರಿಕೆ ಐಲಾಳ ಪಟ್ಟಿಯಲ್ಲಿತ್ತು. ಮುಂದಿನ ಸೆಪ್ಟೆಂಬರಿಗೆ. ಅವಳ ಮುಖ ಬಾಡಿತು.

"ಅವಸರದಿಂದ ಜನ ನೋಯ್ತಾರೆ, ನಿಜ," ಎಂದ ಓತ್ಸೊ ಮೆಲ್ಲಗೆ. "ತಡ ಮಾಡಿದ್ರೂ ನೋಯ್ತಾರೆ, ಐಲಾ. ಸದ್ದಾಗಲ್ಲ ಅಷ್ಟೇ."

ಆ ವಾರ ಇಬ್ಬರೂ ಸೇರಿ ಗೋಡೆಯನ್ನು ಎರಡು ಭಾಗ ಮಾಡಿದರು. ಕೊಳವೆ, ಪಂಪು, ಶಾಖ ಇವೆಲ್ಲ ಮೇಲಿನ ಸಾಲಿನಲ್ಲಿ, ಕೆಂಪು ಗೆರೆಯ ಕಾವಲಿನಲ್ಲಿ. ಬಿಲ್ಲು, ಮೆಸೇಜು, ಫೋನಿನ ಆ್ಯಪು ಕೆಳಗಿನ ಸಾಲಿನಲ್ಲಿ, ಕೆಲಸಕ್ಕೊಂದು ಬಣ್ಣದ ಚೀಟಿಯಾಗಿ. ಮೆಸೇಜಿನ ಕೆಲಸ ಹದಿನೈದೇ ದಿನದಲ್ಲಿ ಮುಗಿಯಿತು! ಆ ತಾಯಿಗೆ ಐಲಾಳೇ ಫೋನ್ ಮಾಡಿ ತಿಳಿಸಿದಳು.

ಫೆಬ್ರವರಿಯಲ್ಲಿ ಕೆನೆ ತುಂಬಿದ ಹಬ್ಬದ ಬನ್ನು ಎಲ್ಲ ಬೇಕರಿಗಳಲ್ಲೂ ಬಂತು. ಓತ್ಸೊ ಎರಡು ತಂದ. ಮೂಗಿಗೆ ಕೆನೆ ಮೆತ್ತಿಕೊಂಡೇ ಹೇಳಿಬಿಟ್ಟ.

"ಐಲಾ... ನನಗೆ ನೀವು ಇಷ್ಟ. ಕೆಲಸದ ಮಾತಲ್ಲ ಇದು."

'ಹೂಂ ಅನ್ನು, ಹೆಣ್ಣೇ!' ಎಂದಿತು ಅವಳ ಒಳಮನಸ್ಸು. ಆದರೆ ಕಳೆದುಕೊಂಡವರಿಗೆ ಸಂತೋಷವೂ ಭಯವೇ.

"ಏಪ್ರಿಲ್‌ವರೆಗೆ ಬದಲಾವಣೆ ಇಲ್ಲ," ಎಂದಳು, ಅರ್ಧ ನಕ್ಕು, ಅರ್ಧ ಅಂಜಿ.

"ಕಾಯ್ತೀನಿ," ಎಂದ ಅವನು.

ಮಾರ್ಚ್ ಮೊದಲ ವಾರ ಚಳಿ ಮತ್ತೆ ಮೈನಸ್ ಮೂವತ್ತಕ್ಕೆ ಇಳಿಯಿತು. ಸೋಮವಾರ ಆಫೀಸಿಗೆ ಬಂದ ಐಲಾ ಬಾಗಿಲಲ್ಲೇ ನಿಂತುಬಿಟ್ಟಳು.

ಗೋಡೆಯ ಮೇಲಿನ ಸಾಲು ಇರಲಿಲ್ಲ! ಕೆಂಪು ಗೆರೆ ಇರಲಿಲ್ಲ. ಇದ್ದದ್ದು ಬರೀ ಚೀಟಿಗಳು. 'ಈ ವಾರ' ಎಂಬಲ್ಲಿ ಓತ್ಸೊನ ಹೆಸರಿದ್ದ ಹಳದಿ ಚೀಟಿ: ಪಂಪುಗಳ ಹೊಸ ಅಪ್‌ಡೇಟ್.

"ಗುರುವಾರ ನಗರಸಭೆಯವರು ನೋಡೋಕೆ ಬರ್ತಾರೆ," ಎಂದಳು ರೈಲಿ. ಅವಳ ಕಣ್ಣಿನಲ್ಲಿ ನಿದ್ದೆಯಿರಲಿಲ್ಲ, ಅವಳ ಮೇಲೂ ಒತ್ತಡವಿತ್ತು. "ಅವತ್ತೇ ಹಾಕಿ ತೋರಿಸ್ತೀವಿ."

"ನನ್ನ ಒಪ್ಪಿಗೆ ಇಲ್ಲ."

"ಇನ್ನು ಅದು ಬೇಕಾಗಿಲ್ಲ, ಐಲಾ. ಓತ್ಸೊನ ತಂಡ ನೋಡಿಕೊಳ್ಳುತ್ತೆ."

ಓತ್ಸೊನ ತಂಡ...

ಅವನು ಕಾರಿಡಾರಿನಲ್ಲಿ ಎದುರಾದ. "ಐಲಾ, ನಾನು ನಿಮ್ಮನ್ನೇ ಹುಡುಕ್ತಿದ್ದೆ, ಕೇಳಿ..."

"ಹಿಲ್ಕಾ ವಿಷಯ ನಿಮಗೆ ಹೇಳಬಾರದಿತ್ತು," ಎಂದಳು. "ಟೋಪಿ ತೆಗೆದು ನಿಂತ್ರಲ್ಲ... ಅದೂ ನಾಟಕವೇ?"

ಅವನು ಬಾಯಿ ತೆರೆದ. ಅವಳು ಆಗಲೇ ಮೆಟ್ಟಿಲು ಇಳಿಯುತ್ತಿದ್ದಳು. ಅಂದಿನಿಂದ ರಜೆ ಹಾಕಿದಳು. ಫೋನನ್ನೂ ಆರಿಸಿಟ್ಟಳು.

ಗುರುವಾರ ಬೆಳಿಗ್ಗೆಯಿಂದ ಕಿಟಕಿಯ ಕೆಳಗಿನ ಹೀಟರಿನ ಮೇಲೆ ಅಂಗೈ ಇಟ್ಟು ಕೂತಳು. ಮೇಲಿನ ಮನೆಯಲ್ಲಿ ಹಸುಗೂಸು. ಪಕ್ಕದಲ್ಲಿ, ಹಿಲ್ಕಾ ಇದ್ದ ಮನೆಯಲ್ಲಿ, ಈಗ ಒಬ್ಬ ಮುದುಕ. ಈಗ ತಣ್ಣಗಾಗುತ್ತದೆ... ಈಗ...

ಆಗಲಿಲ್ಲ. ಹೊತ್ತು ಇಳಿದರೂ ಹೀಟರು ಬೆಚ್ಚಗೇ ಇತ್ತು. ಅವಳಿಗೆ ಅಳು ಬಂತು. ಯಾಕೆಂದು ಅವಳಿಗೇ ತಿಳಿಯಲಿಲ್ಲ.

ಶುಕ್ರವಾರ ಆಫೀಸಿಗೆ ಹೋದಾಗ ಓತ್ಸೊನ ಮೇಜು ಖಾಲಿಯಾಗಿತ್ತು.

"ಅಪ್‌ಡೇಟ್ ಸರಿಯಾಗಿ ಕೂತ್ಕೊಳ್ತಾ?" ಎಂದು ಒಣದನಿಯಲ್ಲಿ ಕೇಳಿದಳು.

"ಹಾಕಿದ್ರೆ ತಾನೇ ಕೂರೋದು?" ಎಂದ ತೌನೊ. ಅವನ ಮಾತಿನಲ್ಲಿ ಮೊದಲ ಬಾರಿ ತಮಾಷೆ ಇರಲಿಲ್ಲ. "ಆ ಚೀಟಿ ಅಂಟಿಸಿದ್ದು ರೈಲಿ. ಸೋಮವಾರ ಬೆಳಿಗ್ಗೆಯೇ ಓತ್ಸೊ ಆಗಲ್ಲ ಅಂದಿದ್ದ, ನಾನೇ ಅಲ್ಲಿದ್ದೆ. ನಿನ್ನೆ ನಗರಸಭೆಯವರ ಮುಂದೆ ತನ್ನ ಹೆಸರಿನ ಚೀಟಿ ತಾನೇ ಕಿತ್ತ. 'ಮೈನಸ್ ಮೂವತ್ತರಲ್ಲಿ ಶಾಖದ ಮೇಲೆ ಪ್ರಯೋಗ ಮಾಡಲ್ಲ. ಐಲಾ ಹೂಂ ಅನ್ನೋವರೆಗೂ ಇದನ್ನ ಹಾಕಲ್ಲ' ಅಂದ. ಅಲ್ಲಿಗೆ ಅವನ ಗುತ್ತಿಗೆ ಮುಗೀತು."

"ನನಗೆ ಯಾಕೆ ಹೇಳಲಿಲ್ಲ ಅವನು?"

"ನೀನು ಕೇಳಿದ್ಯಾ?"

ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುತ್ತಾರೆ. ಬದುಕಿನಲ್ಲಿ ಎಂದೂ ಆತುರಪಡದ ಐಲಾ, ಒಬ್ಬ ಮನುಷ್ಯನನ್ನು ತೂಗುವಾಗ ಮಾತ್ರ ಆತುರಪಟ್ಟಿದ್ದಳು. ಅವಳು ನೆಟ್ಟಗೆ ರೈಲಿಯ ಕೋಣೆಗೆ ಹೋದಳು.

"ಎರಡೂ ಸಾಲು ಗೋಡೆಗೆ ವಾಪಸ್ ಬರಬೇಕು. ಇಲ್ಲ ಅಂದ್ರೆ ನಾನೂ ಹೊರಟೆ."

ರೈಲಿ ಲ್ಯಾಪ್‌ಟಾಪ್ ಮುಚ್ಚಿದಳು. "ನಿನ್ನೆ ಒಬ್ಬ ಸದಸ್ಯ ಕೇಳಿದ, ಶಾಖ ನಿಂತಿದ್ರೆ ಯಾರು ಹೊಣೆ ಅಂತ. ನನ್ನ ಬಾಯಲ್ಲಿ ಉತ್ತರ ಇರಲಿಲ್ಲ." ನಿಟ್ಟುಸಿರಿಟ್ಟಳು. "ಅಂಟಿಸು. ಅವನು ವಾಪಸ್ ಬರೋದಾದ್ರೆ... ಬರಲಿ."

ಐಲಾ ಹುಡುಕಿಕೊಂಡು ಹೋದಾಗ ಓತ್ಸೊ ನದಿಯ ಮೇಲಿದ್ದ. ಮಂಜುಗಡ್ಡೆಯಲ್ಲಿ ತೂತು ಕೊರೆದು, ಗಾಳ ಬಿಟ್ಟು, ಪುಟ್ಟ ಸ್ಟೂಲಿನ ಮೇಲೆ ಕೂತಿದ್ದ. ಪಕ್ಕದಲ್ಲಿ ಒಂದು ಮೀನೂ ಇರಲಿಲ್ಲ.

ಐಲಾ ಫ್ಲಾಸ್ಕಿನಿಂದ ಕಾಫಿ ಸುರಿದು ಮುಂದೆ ಹಿಡಿದಳು.

"ನಾಟಕ ಅಂದೆ ನಿನಗೆ... ನನ್ನ ಕ್ಷಮಿಸ್ತೀಯಾ, ಓತ್ಸೊ?"

ಅವನು ಲೋಟ ತೆಗೆದುಕೊಂಡ. ಕಣ್ಣು ಒದ್ದೆಯಾಗಿತ್ತು. "ತುಂಬಾ ನೋವಾಯ್ತು, ಐಲಾ."

"ಗೊತ್ತು. ನೀನು ಹೇಳೋದನ್ನ ನಾನು ಕೇಳ್ಬೇಕಿತ್ತು."

ಗಾಳದ ದಾರ ಅಲುಗಿತು. ಇಬ್ಬರೂ ಅತ್ತ ನೋಡಲಿಲ್ಲ.

"ಏಪ್ರಿಲ್ ಇನ್ನೂ ಬಂದಿಲ್ಲ," ಎಂದ ಅವನು.

"ತುರ್ತಿದ್ರೆ ನಡುವೆಯೂ ಬದಲಾಯಿಸಬಹುದು. ನಿಯಮದಲ್ಲೇ ಇದೆ. ಒಬ್ಬರು ಕೇಳಬೇಕು, ಇನ್ನೊಬ್ಬರು ಒಪ್ಪಬೇಕು." ಅವಳು ಉಸಿರು ಎಳೆದುಕೊಂಡಳು. "ನಾನು ಕೇಳ್ತಿದ್ದೀನಿ. ನನಗೂ ನೀನು ಇಷ್ಟ. ತುಂಬಾ... ಭಯ ಆಗೋಷ್ಟು. ಮೊದಲು ಹದಿನೈದು ದಿನ ಜೊತೆಗಿದ್ದು ನೋಡೋಣ. ಸರಿಯಿಲ್ಲದ್ದನ್ನ ತಿದ್ದಿಕೊಳ್ಳೋಣ. ಆಮೇಲೆ ಇನ್ನೊಂದು ಹದಿನೈದು ದಿನ..."

ಓತ್ಸೊ ಅವಳ ತಣ್ಣನೆಯ ಬೆರಳುಗಳನ್ನು ತನ್ನ ಕೈಗವಸಿನೊಳಗೆ ಸೇರಿಸಿಕೊಂಡ.

"ಇಲ್ಲ, ಐಲಾ. ಇದೊಂದಕ್ಕೆ ನನಗೆ ನಿನ್ನ ವರ್ಷದ ಪಟ್ಟಿಯೇ ಬೇಕು. ಗೋಡೆಯುದ್ದದ್ದು."

"ಅದನ್ನ ಬರೆಯೋಕೆ ತುಂಬಾ ನಿಧಾನ ಆಗುತ್ತೆ..."

"ಆಗಲಿ. ನಾನು ಪಕ್ಕದಲ್ಲೇ ಕೂತಿರ್ತೀನಿ."