ದಿಣ್ಣೆ ಹೊಲದ ಕೊನೆಯ ಜೋಳ

“ದೀಪ ಆರಿದ್ರೆ ಒಬ್ರೂ ಹತ್ರ ಬರಂಗಿಲ್ಲ. ತಿಳೀತಾ?” ಎಂದು ಅಜ್ಜ ಹೇಳಿದ ಕೂಡಲೇ ಮೂವತ್ತೆರಡು ಮಕ್ಕಳೂ ಒಂದು ಹೆಜ್ಜೆ ಮುಂದೆ ಬಂದರು.

ಹಗ್ಗಕ್ಕೆ ಕಟ್ಟಿದ ಲಾಟೀನು ಮನೆಯಂಗಳದ ನೆಲದಲ್ಲಿದ್ದ ತೂತಿನೊಳಗೆ ಮೆಲ್ಲಗೆ ಇಳಿಯಿತು. ತೂತು ಒಬ್ಬ ಮನುಷ್ಯ ಕಷ್ಟಪಟ್ಟು ತೂರುವಷ್ಟೇ ಅಗಲ. ಒಳಗೆ ಮಾತ್ರ ಹೊಟ್ಟೆ ದೊಡ್ಡದು, ನಲವತ್ತು ಚೀಲ ಜೋಳ ಹಿಡಿಯುತ್ತದೆ. ಇದಕ್ಕೆ ಹಗೇವು ಅಂತ ಹೆಸರು. ಕಾಳು ತುಂಬಿ, ಬಾಯಿಗೆ ಕಲ್ಲು ಮುಚ್ಚಿ, ಮಣ್ಣು ಮೆತ್ತಿಬಿಟ್ಟರೆ ಮೇಲೆ ಎತ್ತಿನ ಗಾಡಿ ಹೋದರೂ ಯಾರಿಗೂ ಗೊತ್ತಾಗುವುದಿಲ್ಲ.

ವಾಣಿ ಅಜ್ಜನ ಪಕ್ಕದಲ್ಲಿ ಎದೆಯುಬ್ಬಿಸಿ ನಿಂತಿದ್ದಳು. ಇವರೆಲ್ಲ ದಾವಣಗೆರೆಯಿಂದ ಮೆಟಡೋರ್ ಮಾಡಿಕೊಂಡು ಅವಳೂರು ಹದಡಿಗೆ ಬಂದದ್ದು ಅವಳ ಮಾತು ಕೇಳಿ.

ದಾವಣಗೆರೆ ಜಿಲ್ಲೆಯಾಗಿ ವರ್ಷ ಕಳೆದಿತ್ತು. ಪಾಠದ ಪುಸ್ತಕಕ್ಕೆ ಆ ಸುದ್ದಿ ಇನ್ನೂ ಮುಟ್ಟಿರಲಿಲ್ಲ. ಅದರಲ್ಲಿ ದಾವಣಗೆರೆ ಇನ್ನೂ ಚಿತ್ರದುರ್ಗದ ಹೊಟ್ಟೆಯಲ್ಲೇ ಇತ್ತು. ಅದಕ್ಕೇ ಐದನೇ ಕ್ಲಾಸಿನ ಲತಾ ಟೀಚರ್, “ಹೊಸ ಪುಸ್ತಕ ಬರೋ ತನಕ ನಾವೇ ಬರೆಯೋಣ. ನಿಮ್ಮೂರು ಈಗಿರೋ ಜಾಗದಲ್ಲೇ ಯಾಕೆ ಹುಟ್ಟಿತು? ಮನೇಲಿ ಕೇಳಿ ಬರ್ಕೊಂಡು ಬನ್ನಿ” ಎಂದಿದ್ದರು.

ಹರಿಹರದಿಂದ ದಿನಾ ಬಸ್ಸಿನಲ್ಲಿ ಬರುವ ಅಂಜನ್ ಕುಮಾರನಿಗೆ ಅದು ಒಂದೇ ಸಾಲಿನ ಕೆಲಸ. ತುಂಗಭದ್ರಾ ಹೊಳೆ ಇತ್ತು, ಊರಾಯಿತು. ದಾವಣಗೆರೆಯ ಮಕ್ಕಳು ಕಪ್ಪು ಮಣ್ಣು, ಹತ್ತಿ, ಮಿಲ್ಲು ಎಂದು ಬರೆದರು. ಮಿಲ್ಲುಗಳಿಗೆ ಬೀಗ ಬಿದ್ದದ್ದನ್ನು ಯಾರೂ ಬರೆಯಲಿಲ್ಲ. ಟೀಚರ್ ಕೇಳಿದ್ದು ಅದನ್ನಲ್ಲವಲ್ಲ.

“ಹದಡಿಯಾಗೆ ಏನೈತೆ ಹೇಳು? ಹೊಳೆ ಇಲ್ಲ, ಮಿಲ್ಲೂ ಇಲ್ಲ,” ಎಂದು ಅಂಜನ್ ಕಿಚಾಯಿಸಿದ್ದ. “ಬಸ್ಸು ಕೆಟ್ಟು ನಿಂತಿರಬೇಕು. ಇಳಿದೋರು ಅಲ್ಲೇ ಉಳಕೊಂಡಾರೆ!”

ವಾಣಿ ಸಿಟ್ಟಿನಿಂದ ಮನೆಗೆ ಬಂದು ಅಜ್ಜನನ್ನು ಕೇಳಿದಳು. ವಾಮದೇವಪ್ಪಜ್ಜ ರೊಟ್ಟಿ ಮುರಿಯುತ್ತಾ ಹೇಳಿದ್ದ: “ನಮ್ಮ ಕೇರಿ ದಿಣ್ಣೆ ಮ್ಯಾಲೈತೆ. ಎಷ್ಟು ಮಳೆ ಹೊಡದ್ರೂ ನೀರು ನಿಲ್ಲಲ್ಲ. ಕೆಳಗೆ ಗಟ್ಟಿ ಮಣ್ಣು. ಹಗೇವಿನಾಗೆ ಹಾಕಿದ ಕಾಳು ಏಳು ವರ್ಷ ಕೆಡಂಗಿಲ್ಲ. ಹಿರೇರು ಮೊದಲು ಹಗೇವಿಗೆ ಜಾಗ ನೋಡಿದ್ರು ತಂಗಿ, ಆಮ್ಯಾಲೆ ಮನೆಗೆ.”

ಅದನ್ನು ಹಾಗೇ ಬರೆದು ಕ್ಲಾಸಿನಲ್ಲಿ ಓದಿದಾಗ ಲತಾ ಟೀಚರ್ ಕುರ್ಚಿಯಿಂದ ಎದ್ದೇ ನಿಂತರು. “ಇದನ್ನ ನಾವು ನೋಡ್ಲೇಬೇಕು!”

ಆ ಹಗೇವಿನಲ್ಲಿದ್ದದ್ದು ದಿಣ್ಣೆ ಹೊಲದ ಕೊನೆಯ ಜೋಳ. ದಿಣ್ಣೆ ಹೊಲ ಎಂದರೆ ಮನೆಯ ಹಿಂದೆಯೇ ಇದ್ದ ಅವರ ಎತ್ತರದ ಹೊಲ. ಕಾಲುವೆ ನೀರು ದಿಣ್ಣೆ ಹತ್ತುವುದಿಲ್ಲ. ಹೋದ ಯುಗಾದಿ ಮುಗಿದ ಮೇಲೆ ವಾಣಿಯ ಅಪ್ಪ ಬಕ್ಕೇಶ್ ಡೋಜರ್ ತರಿಸಿ, ದಿಣ್ಣೆಯನ್ನೇ ಕಡಿಸಿ ಮಟ್ಟ ಮಾಡಿಸಿದ್ದ. ಆಮೇಲೆ ಅಲ್ಲಿ ಬೆಳೆದದ್ದು ಭತ್ತ. ವಾಣಿ ಡೋಜರಿನಲ್ಲಿ ಡ್ರೈವರ್ ಪಕ್ಕ ಕೂತು ಒಂದು ಸುತ್ತು ಹೊಡೆದಿದ್ದಳು. ಅವಳಿಗೆ ಅನ್ನವೆಂದರೆ ಪ್ರಾಣ.

ಅಜ್ಜ ಜಗಳವಾಡಲಿಲ್ಲ. ಡೋಜರ್ ಬರುವ ಮೊದಲೇ ಆ ವರ್ಷದ ರೊಟ್ಟಿಗೆ ಬೇಕಾದಷ್ಟು ಮನೆಯಲ್ಲಿಟ್ಟು, ಉಳಿದ ಇಪ್ಪತ್ತೆರಡು ಚೀಲ ಜೋಳವನ್ನು ಹಗೇವಿಗೆ ಹಾಕಿಸಿ, ತಾನೇ ಬಾಯಿಗೆ ಮಣ್ಣು ಮೆತ್ತಿ ಅಂದಿದ್ದ: “ಏಳು ವರ್ಷಕ್ಕೆ ಸಾಕು. ಅಲ್ಲೀ ತನಕ ನಾ ಇದ್ರೆ ಹೆಚ್ಚು. ಆಮ್ಯಾಲೆ ಎಲ್ರೂ ಅನ್ನಾನೇ ಉಣ್ರಿ.”

ಲಾಟೀನು ಆರಿತು.

“ಗಾಳಿ ಬಡೀತೇನೋ,” ಎಂದ ಅಜ್ಜ. ಮತ್ತೆ ಹಚ್ಚಿ ಇಳಿಸಿದ. ಮತ್ತೆ ಆರಿತು.

ಹೊಲದ ಕೆಲಸದ ಗಿಡ್ಡಪ್ಪ ತಲೆ ಕೆರೆದುಕೊಂಡ. “ನಿನ್ನೆ ಮುಂಜಾನೇನೇ ಕಲ್ಲು ತೆಗದೀನ್ರಿ ಯಜಮಾನ್ರೇ. ಒಳಗಿನ ಕೆಟ್ಟ ಗಾಳಿ ಇಷ್ಟೊತ್ತಿಗೆ ಹೋಗಬೇಕಿತ್ತು.”

“ಗಳ ತಾ.”

ಗಿಡ್ಡಪ್ಪ ಉದ್ದನೆಯ ಬಿದಿರಿನ ಗಳ ತಂದು ಒಳಗೆ ಚುಚ್ಚಿದ. ಒಣ ಜೋಳಕ್ಕೆ ಗಳ ಹೊಕ್ಕರೆ ಸರಸರ ಎನ್ನಬೇಕು. ಇದು ಪಚಕ್ ಎಂದಿತು. ಮೇಲೆ ಬಂದ ಗಳದ ತುದಿಯಲ್ಲಿ ಕಪ್ಪನೆಯ ಮುದ್ದೆ ಅಂಟಿಕೊಂಡಿತ್ತು. ಅದರಲ್ಲಿ ಅಲ್ಲಲ್ಲಿ ಬಿಳೀ ಮೊಳಕೆ. ವಾಸನೆಗೆ ಮಕ್ಕಳೆಲ್ಲ ಮೂಗು ಮುಚ್ಚಿಕೊಂಡು ಹಿಂದೆ ಸರಿದರು.

“ಥೂ! ಏಳು ವರ್ಷ ಅಂದಿದ್ದಲ್ಲ?” ಎಂದ ಅಂಜನ್. “ಒಂದು ವರ್ಷಾನೂ ಆಗ್ಲಿಲ್ಲ!”

ಕೆಲವರು ನಕ್ಕರು. ಅಜ್ಜನಾದರೂ ಏನಾದರೂ ಹೇಳಲಿ ಎಂದು ವಾಣಿ ತಿರುಗಿ ನೋಡಿದಳು. ಅಜ್ಜ ಆ ಮುದ್ದೆಯನ್ನು ಬೆರಳಿನಿಂದ ಬಿಡಿಸುತ್ತಿದ್ದ, ಒಂದಾದರೂ ಒಳ್ಳೆಯ ಕಾಳು ಸಿಕ್ಕೀತೇ ಎನ್ನುವಂತೆ. ಆಮೇಲೆ ತಲೆಯೆತ್ತಿ ಮನೆಯ ಹಿಂದಕ್ಕೆ ನೋಡಿದ.

ವಾಣಿಯೂ ನೋಡಿದಳು. ಅಲ್ಲಿ ಗದ್ದೆಯ ಬದು. ಭತ್ತ ಕೊಯ್ದಾಗಿದ್ದರೂ ಮೂಲೆಯಲ್ಲಿ ನೀರು ಹೊಳೆಯುತ್ತಿತ್ತು. ಅದರಾಚೆ ಕಾಲುವೆ. ನಾಲ್ಕು ತಿಂಗಳು ಗದ್ದೆ ತುಂಬ ನೀರು ನಿಂತಿತ್ತು, ಹಗೇವಿಗೆ ಇಪ್ಪತ್ತು ಹೆಜ್ಜೆ ದೂರದಲ್ಲಿ. ಅಡಿಗೆಮನೆಯ ಗೋಡೆ ಬುಡದಲ್ಲಿ ತೇವ ಎಂದು ಅವ್ವ ಗೊಣಗುತ್ತಿದ್ದದ್ದು ಯಾಕೆ ಎಂದು ವಾಣಿಗೆ ಈಗ ಹೊಳೆಯಿತು. ನೀರು ನೆಲದೊಳಗೇ ನಡೆದುಕೊಂಡು ಬಂದಿತ್ತು.

“ಯಾಕ್ರೀ ಹಿಂಗಾಯ್ತು ಅಜ್ಜಾರೇ?” ಲತಾ ಟೀಚರ್ ಮೆಲ್ಲಗೆ ಕೇಳಿದರು.

ಜಗುಲಿಯ ಕಂಬದ ಹತ್ತಿರ ಅಪ್ಪ ನಿಂತಿದ್ದ. ಬೆಳಿಗ್ಗೆ ಮಕ್ಕಳಿಗೆಲ್ಲ ಕೈಬೀಸಿ “ಬರ್ರಿ, ಬರ್ರಿ” ಎಂದವನು ಈಗ ನೆಲ ನೋಡುತ್ತಿದ್ದ.

ಅಜ್ಜ ಅವನ ಕಡೆ ಒಮ್ಮೆ ನೋಡಿ, ಕೈ ಒರೆಸಿಕೊಂಡು ಹೇಳಿದ: “ಈ ಸಲ ಮಳೆ ಭಾಳ ಆತ್ರಿ ಟೀಚರ್.”

ಗಿಡ್ಡಪ್ಪ ಗಳದ ತುದಿಯನ್ನು ಹುಲ್ಲಿಗೆ ಒರೆಸತೊಡಗಿದ.

“ಮಳೆನಾ?” ಅಂಜನ್ ಬಿಡುವವನಲ್ಲ. “ಹರಿಹರದಾಗೆ ಹೊಳೆ ನೀರು ಈ ಸಲ ಮೇಲಿನ ಮೆಟ್ಲೂ ಮುಟ್ಲಿಲ್ಲ ಟೀಚರ್. ಮಳೆ ಎಲ್ಲಾಗಿತ್ತು?”

ಅವನು ಹೇಳಿದ್ದು ಸರಿ. ಮಳೆ ಕಡಿಮೆಯಾಗಿತ್ತು. ವಾಣಿಗೆ ಉತ್ತರ ಗೊತ್ತಿತ್ತು. ಕ್ಲಾಸಿನಲ್ಲಿ ಹತ್ತು ಸಲ ಕೈಯೆತ್ತಿದರೂ ಸಿಗದಂಥ ಉತ್ತರ. ಹೇಳಿದರೆ ಅಜ್ಜನ ಏಳು ವರ್ಷದ ಮಾತೂ ಸುಳ್ಳಲ್ಲ, ಅವಳು ಬರೆದದ್ದೂ ಸುಳ್ಳಲ್ಲ ಎಂದು ಎಲ್ಲರಿಗೂ ತಿಳಿಯುತ್ತಿತ್ತು.

“ಟೀಚರ್, ಅದು ನಮ್ಮ...” ಎಂದು ಶುರುಮಾಡಿದಳು. ಅಪ್ಪ ತಲೆಯೆತ್ತಿ ಅವಳನ್ನು ನೋಡಿದ. ಅಪ್ಪನ ಮುಖ ಹೋಮ್‌ವರ್ಕ್ ಮರೆತು ಬಂದ ಹುಡುಗನ ಮುಖದ ಹಾಗಿತ್ತು.

“...ನಮ್ಮೂರಾಗೆ ಮಳೆ ಭಾಳ ಆಗಿತ್ತು,” ಎಂದಳು ವಾಣಿ.

“ಹರಿಹರ ಏನು ಫಾರಿನ್ನಾಗೈತಾ? ಇಲ್ಲೇ ಐತಲ್ಲ!”

“ಮಳೆ ನಿನ್ನ ಕೇಳಿ ಬರ್ತೈತೇನು? ಸುಮ್ನೆ ಬರ್ಕೋ.”

ಎಲ್ಲರೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು: ಮಳೆ ಹೆಚ್ಚಾದ್ದರಿಂದ ಜೋಳ ಕೆಟ್ಟಿತು. ವಾಣಿಯೂ ಬರೆದಳು, ದುಂಡಗೆ, ಒಂದೂ ತಪ್ಪಿಲ್ಲದೆ.

ಮೆಟಡೋರ್ ಧೂಳೆಬ್ಬಿಸಿ ಹೋಯಿತು. ಅಜ್ಜ ಹಗೇವಿನ ಕಲ್ಲಿಗೆ ಕೈ ಹಾಕಿದ. ಅದು ಒಬ್ಬರಿಂದ ಏಳುವ ಕಲ್ಲಲ್ಲ. ಅಪ್ಪ ಬಂದು ಇನ್ನೊಂದು ತುದಿ ಹಿಡಿದ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಅದನ್ನು ಬಾಯಿಗೆ ಕೂರಿಸಿದರು.

“ಅಪ್ಪಾಜಿ,” ಎಂದ ಅಪ್ಪ. “ನಾಳೆ ದಾವಣಗೆರೆಯಿಂದ ಜೋಳ ತರ್ತೀನಿ.”

“ತಾ.”

“ಒಳ್ಳೇದು ನೋಡೇ ತರ್ತೀನಿ.”

“ಹ್ಞೂಂ. ರೊಟ್ಟಿ ಆದ್ರೆ ಸಾಕಪ್ಪ.”

ಒಂದು ತುತ್ತು ತಿಂದು ಇದು ಯಾವ ಹೊಲದ ಜೋಳ ಎಂದು ಹೇಳಬಲ್ಲ ಅಜ್ಜ, ಯಾವ ಊರಿನ ಜೋಳ ತರುತ್ತೀಯ ಎಂದು ಕೇಳಲಿಲ್ಲ. ವಾಣಿ ಕಾದಳು. ಅಜ್ಜ ಕೇಳಲೇ ಇಲ್ಲ. ಅವಳು ಹೋಗಿ ಅವನ ಕೈ ಹಿಡಿದುಕೊಂಡಳು. ಆ ಕೈಗೆ ಇನ್ನೂ ಕೊಳೆತ ಜೋಳದ ವಾಸನೆಯಿತ್ತು; ಅವಳು ಮೂಗು ಮುಚ್ಚಿಕೊಳ್ಳಲಿಲ್ಲ.