ಏಳನೇ ಕುರ್ಚಿ

ಮನುಕುಲದ ಏಳುಬೀಳುಗಳನ್ನು ದಾಖಲಿಸುವವರು ಸಿಂಹಾಸನಗಳ ಬಗ್ಗೆ ಪುಟಗಟ್ಟಲೆ ಬರೆದಿದ್ದಾರೆ. ಪ್ಲಾಸ್ಟಿಕ್ ಕುರ್ಚಿಯನ್ನು ಮಾತ್ರ ಕಡೆಗಣಿಸಿದ್ದಾರೆ. ಈ ಅನ್ಯಾಯವನ್ನು ಸರಿಪಡಿಸಲೇಬೇಕು. ಫುಟ್‌ಬಾಲ್ ಮೈದಾನದ ಅಂಚಿನಲ್ಲಿ, ತಗಡಿನ ಮಾಡಿನಡಿ, ಬದಲಿ ಆಟಗಾರರಿಗೆಂದು ಸಿಮೆಂಟಿಗೆ ಬೋಲ್ಟು ಹಾಕಿ ಕೂರಿಸಿದ್ದ ಏಳು ನೀಲಿ ಕುರ್ಚಿಗಳಿದ್ದವು. ಗೋಡೆಮೂಲೆಯ ಕತ್ತಲಿಗೆ ಒತ್ತಿಕೊಂಡಿದ್ದ ಕೊನೆಯದು ಹನ್ನೆರಡು ವರ್ಷಗಳಿಂದ ಖಾಲಿ ಇತ್ತು.

"ಅದರಲ್ಲಿ ಯಾರನ್ನೂ ಕೂರಿಸ್ಬೇಡಿ ಸರ್," ಎಂದ ಸೋಪಣ್ಣ. ಆಟಗಾರರ ಅಂಗಿ ಒಗೆದು ಒಗೆದು ಅವನ ಅಂಗೈ ಬೆಳ್ಳಗಾಗಿತ್ತು. ನಿಜವಾದ ಹೆಸರು ಅವನಿಗೇ ಮರೆಯುವ ಹಂತದಲ್ಲಿತ್ತು.

ಹೊಸ ಕೋಚ್ ಕೆಲಸಕ್ಕೆ ಸೇರಿ ಮೂರೇ ದಿನವಾಗಿತ್ತು. ಉಳಿದ ಆರು ಪಂದ್ಯಗಳಲ್ಲಿ ತಂಡ ಮೇಲೇಳದಿದ್ದರೆ ಕೆಳದರ್ಜೆಗೆ ಬೀಳುತ್ತಿತ್ತು, ಕ್ಲಬ್ಬಿಗೆ ಬೀಗವೂ ಬೀಳುತ್ತಿತ್ತು. ಇದ್ದವರು ಹದಿನೆಂಟೇ ಜನ. ಅವರಲ್ಲಿ ಗೋಲ್‌ಕೀಪರ್ ಅವನ ಸ್ವಂತ ತಮ್ಮ. ಮೊಣಕಾಲು ಕೆಟ್ಟು ತಾನು ಆಟ ಬಿಟ್ಟಾಗ ಗ್ಲೌಸನ್ನು ಅವನೇ ತಮ್ಮನಿಗೆ ತೊಡಿಸಿದ್ದ.

"ಯಾಕೆ, ಕಾಲು ಮುರಿದಿದ್ಯಾ?"

"ಕುರ್ಚೀದಲ್ಲ ಸರ್." ಸೋಪಣ್ಣ ದನಿ ತಗ್ಗಿಸಿದ. "ನಮ್ಮ ಭಾವ ಒಂಬತ್ತು ವರ್ಷ ಅಲ್ಲೇ ಕೂತಿದ್ರು. ಒಂದೇ ಒಂದು ನಿಮಿಷ ಆಡಿಸ್ಲಿಲ್ಲ. ಸಾಯೋ ಮುಂಚೆ ಎಲ್ಲೋ ಮಾಟ ಮಾಡಿಸಿ ತಂದು ಅದರಡಿ ಕಟ್ಟಿದ್ರು. ಅಲ್ಲಿ ಕೂತೋರಿಗೆ ಆಡೋ ಅವಕಾಶ ಸಿಕ್ಕೇ ಸಿಗುತ್ತೆ. ಅದೇ ತೊಂದರೆ."

"ಕಿತ್ತು ಬಿಸಾಕೋದು ತಾನೇ?"

"ಕೀಳೋಕೆ ಹೋದೋನ ಜಾಗಕ್ಕೇ ನಾನು ಬಂದಿದ್ದು."

ಕೋಚ್ ಬಗ್ಗಿ ನೋಡಿದ. ಕುರ್ಚಿಯಡಿ ಕಪ್ಪು ಶೂ ಲೇಸು. ಅದರಲ್ಲಿ ಹನ್ನೊಂದು ಗಂಟು. ಗಂಟುಗಂಟಿನಲ್ಲೂ ಉಗುರಿನ ಚೂರು. ನೋವಿನ ಎಣ್ಣೆಯ ವಾಸನೆಯೊಳಗಿಂದ ಸುಟ್ಟ ಕೂದಲಿನ ಘಾಟು ಮೂಗಿಗೆ ಅಡರಿತು. ಅವನು ನಕ್ಕ.

"ಹದಿನೆಂಟು ಜನರನ್ನ ಇಟ್ಕೊಂಡು ಲೀಗ್ ಆಡೋದೇ ದೊಡ್ಡ ಮಾಟ ಸೋಪಣ್ಣ. ಇದ್ಯಾವ ಲೆಕ್ಕ!"

ಮೊದಲ ಪಂದ್ಯದಲ್ಲಿ ಅಲ್ಲಿ ಬದಲಿ ಫಾರ್ವರ್ಡ್‌ನನ್ನು ಕೂರಿಸಿದ. ಹನ್ನೊಂದನೇ ನಿಮಿಷ. ಆಡುತ್ತಿದ್ದ ಫಾರ್ವರ್ಡ್‌ನ ಹತ್ತಿರ ಯಾರೂ ಇರಲಿಲ್ಲ, ಆದರೂ ಬಿದ್ದ. ಒಣಕೊಂಬೆ ಲಟಕ್ಕೆಂದಂಥ ಸದ್ದು ತಗಡಿನ ಮಾಡಿನವರೆಗೂ ಕೇಳಿಸಿತು. ಒಳಹೋದ ಬದಲಿಯವನು ಜನ್ಮದಲ್ಲಿ ಆಡದ ಆಟ ಆಡಿ ಎರಡು ಗೋಲು ಹೊಡೆದ. ಲೇಸಿನ ಒಂದು ಗಂಟು ಬಿಚ್ಚಿಕೊಂಡಿತ್ತು.

ಕೋಚ್ ಅದನ್ನು ಕಾಕತಾಳೀಯವೆಂದ. ಎರಡನೇ ಪಂದ್ಯದಲ್ಲಿ ಬದಲಿ ಬ್ಯಾಕ್‌ನನ್ನು ಅಲ್ಲಿ ಕೂರಿಸಿದ; ಆಡುತ್ತಿದ್ದ ಎಡಗಡೆಯ ಬ್ಯಾಕ್‌ನ ಹಿಮ್ಮಡಿ ಹೋಯಿತು. ತಂಡ ಮತ್ತೆ ಗೆದ್ದಿತು. ಮೂರನೆಯದರ ಹೊತ್ತಿಗೆ ಕಾಕತಾಳೀಯ ಎಂಬ ಪದ ಅವನ ಬಾಯಿಂದ ಮಾಯವಾಗಿತ್ತು. ಯಾರ ಆಟ ಮಂಕಾಗಿದೆಯೆಂದು ನೋಡಿ, ಅವನ ಬದಲಿಯನ್ನೇ ಆರಿಸಿ ಏಳನೇ ಕುರ್ಚಿಗೆ ಕಳಿಸತೊಡಗಿದ. ಬದಲಿಗಳಲ್ಲೂ ಇಷ್ಟು ಕಸುವೇ ಎಂದು ಪತ್ರಿಕೆಗಳು ತಂಡದ ಆಳವನ್ನು ಹೊಗಳಿದವು. ಆಳ ಎಷ್ಟೆಂಬುದು ಮೂಳೆ ವಾರ್ಡಿನ ದಾದಿಯರಿಗೆ ಗೊತ್ತಿತ್ತು.

ಐದು ಪಂದ್ಯ. ಐದು ಕಾಲು. ಲೇಸಿನಲ್ಲಿ ಉಳಿದದ್ದು ಆರು ಗಂಟು.

ಕೊನೆಯ ಪಂದ್ಯದಲ್ಲಿ ಸಮ ಮಾಡಿಕೊಂಡರೂ ಸಾಕಿತ್ತು. ಆದರೆ ಎರಡನೇ ಗೋಲ್‌ಕೀಪರ್ ಜ್ವರ ಬಂದು ಮಲಗಿದ. ಬೇರೆ ದಾರಿಯಿಲ್ಲದೆ ಬದಲಿ ಗೋಲ್‌ಕೀಪರ್ ಎಂದು ಕೋಚ್ ತನ್ನ ಹೆಸರನ್ನೇ ಪಟ್ಟಿಯಲ್ಲಿ ಬರೆದ.

"ಅಣ್ಣಾ, ನೀನು ಆ ಕುರ್ಚೀಲಿ ಕೂರಲ್ಲ ತಾನೇ?" ತಮ್ಮ ನಗುತ್ತಲೇ ಕೇಳಿದ. ನಗು ಕಣ್ಣಿಗೆ ಮುಟ್ಟಿರಲಿಲ್ಲ.

"ನೀನು ಗೋಲು ಕಾಯಿ. ಕುರ್ಚಿ ನಾನು ಕಾಯ್ತೀನಿ."

ಕಾದ. ಇದ್ದೊಬ್ಬ ಬದಲಿಯನ್ನು ಮೊದಲ ಕುರ್ಚಿಯಲ್ಲಿ ಕೂರಿಸಿ, ತಾನು ಏಳನೆಯದಕ್ಕೆ ಬೆನ್ನು ಕೊಟ್ಟು ನಿಂತ. ಕೆಟ್ಟ ಮೊಣಕಾಲು ಊದಿಕೊಂಡಿತು. ಮೈದಾನದಲ್ಲಿ ವಿಶ್ರಾಂತಿಯೇ ಕಾಣದ ಹುಡುಗರು ಕಾಲೆಳೆಯುತ್ತಿದ್ದರು. ಒಂದು–ಒಂದು. ಎಂಬತ್ತೆಂಟನೇ ನಿಮಿಷದಲ್ಲಿ ದಣಿದ ಬ್ಯಾಕ್ ಒಬ್ಬ ತಡವಾಗಿ ಕಾಲು ಚಾಚಿದ. ಸೀಟಿ. ಎದುರಾಳಿಗೆ ಪೆನಾಲ್ಟಿ.

ಕೋಚ್‌ನ ಮೊಣಕಾಲು ಕುಸಿಯಿತು. ಕೈ ಹಿಂದಕ್ಕೆ ಆಸರೆ ಹುಡುಕಿತು. ಆಸರೆ ಸಿಕ್ಕಿತು.

ಪ್ಲಾಸ್ಟಿಕ್ಕು ಬೆಚ್ಚಗಿತ್ತು. ಯಾರೋ ಈಗತಾನೇ ಎದ್ದು ಜಾಗ ಬಿಟ್ಟುಕೊಟ್ಟ ಹಾಗೆ.

ದಡಕ್ಕನೆ ಎದ್ದ. ತಡವಾಗಿತ್ತು. ಕೆಳಗೆ ಲೇಸು ಸರ್ರೆಂದಿತು. ಎಣ್ಣೆಯ ವಾಸನೆ. ಸುಟ್ಟ ಕೂದಲು. ಅತ್ತ ಗೋಲಿನ ಗೆರೆಯ ಮೇಲೆ ಸುಮ್ಮನೆ ನಿಂತಿದ್ದ ತಮ್ಮ ನಡು ಮುರಿದ ಗೊಂಬೆಯಂತೆ ಮಡಚಿಕೊಂಡ.

"ಅಣ್ಣಾ!"

ಸ್ಟ್ರೆಚರ್ ಹೋಯಿತು. ಸೋಪಣ್ಣ ಮುಖ ತಿರುಗಿಸಿಕೊಂಡು ಗ್ಲೌಸು ಚಾಚಿದ. "ಹೋಗಿ ಸರ್. ನಿಮ್ಮ ಅವಕಾಶ."

ಗ್ಲೌಸಿನೊಳಗೆ ತಮ್ಮನ ಬೆವರು ಇನ್ನೂ ಆರಿರಲಿಲ್ಲ. ನಡೆದ. ಮೊಣಕಾಲು ನೋಯಲಿಲ್ಲ. ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ನೋಯಲಿಲ್ಲ. ಕುತ್ತಿಗೆಯ ಹಿಂದೆ ಯಾರದೋ ಉಸಿರು, ಆಟಕ್ಕೆ ಹಸಿದ ಉಸಿರು. ಚೆಂಡು ಬಂತು. ಅವನು ಕದಲಲಿಲ್ಲ. ಕೈ ತಾನಾಗಿ ಹಾರಿತು.

ಪಂದ್ಯ ಒಂದು–ಒಂದರಲ್ಲಿ ಸಮವಾಯಿತು. ತಂಡ ಲೀಗಿನಲ್ಲಿ ಉಳಿಯಿತು. ತಮ್ಮ ಮತ್ತೆ ಎದ್ದು ನಿಲ್ಲಲಿಲ್ಲ.