ಡಬ್ಬಿಯಲ್ಲಿದ್ದ ಎರಡು ಅರಿಸಿನದ ಕೊಂಬು

ಪಕ್ಕದ ಮನೆಯ ಅನಸೂಯಮ್ಮನವರ ಸ್ಟೀಲ್ ಡಬ್ಬಿಯನ್ನು ತೊಳೆದು ಒರೆಸಿ, ಒಂದು ಹಿಡಿ ಹುಣಸೆಹಣ್ಣು ಹಾಕಿ ಮುಚ್ಚಳ ಒತ್ತುತ್ತಿದ್ದೆ. ಆದಿಲಕ್ಷ್ಮಮ್ಮನವರು ಕಿಟಕಿಯ ಬಳಿ ಕೂತು ಕನ್ನಡಕ ಒರೆಸುತ್ತಿದ್ದರು. ಆ ಮನೆಯಲ್ಲಿ ಬೆಳಗಿನ ಹೊತ್ತು ಮಾತು ಕಡಿಮೆ. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟು, ನಾಲ್ಕು ಜನರೆದುರು ಬಾಯಿ ಬಾರದ ನನಗೆ ಅಲ್ಲಿನ ಕೆಲಸ ಒಗ್ಗಿತ್ತು.

ನಾನು ಅವರನ್ನು ಅಮ್ಮ ಎಂದೇ ಕರೆಯುತ್ತಿದ್ದೆ. ಅಮ್ಮ ಕಸ್ಟಮ್ಸ್ ಇಲಾಖೆಯಲ್ಲಿ ಪೆಟ್ಟಿಗೆಗಳನ್ನು ಬಿಚ್ಚಿಸಿ ನೋಡಿಯೇ ಮುಪ್ಪಾದವರು. ನಿವೃತ್ತರಾಗಿ ಚಿಂತಾಮಣಿಗೆ ಬಂದ ಮೇಲೆ, ಪೊಲೀಸರ ಹತ್ತಿರ ಹೋಗಲು ಅಂಜುವವರು ಇವರ ಬಾಗಿಲಿಗೆ ಬರುತ್ತಿದ್ದರು. ಆವತ್ತು ಬಂದವಳು ಕೈವಾರದ ಕಲ್ಯಾಣಿ. ಜೊತೆಯಲ್ಲಿ ಮಗಳು ಶ್ರೀವಿದ್ಯಾ, ಐದು ವರ್ಷದವಳು, ಮೈಗೆ ದೊಡ್ಡದಾದ ಹಳೇ ಫ್ರಾಕಿನಲ್ಲಿ.

ಮಗುವಿಗೆ ಹುಟ್ಟಿನಿಂದ ಕಿವಿ ಕೇಳದು. ಆಪರೇಷನ್ ಮಾಡಿ ತಲೆಯೊಳಗೆ ಒಂದು ಯಂತ್ರ ಇಟ್ಟಿದ್ದರು. ಕಿವಿಯ ಹಿಂದೆ ಇನ್ನೊಂದು ಮಿಷನ್ ಸಿಕ್ಕಿಸಿದರೆ ಮಾತ್ರ ಶಬ್ದ ಕೇಳುತ್ತಿತ್ತು. ಆ ಹೊರಗಿನ ಮಿಷನ್ ವಾರಂಟಿ ಮುಗಿಯುವ ಮೊದಲೇ ಕೆಟ್ಟಿತ್ತು.

"ಕಂಪನಿಯೋರು ಫಾರಿನ್ನಿಂದ ಬದಲಿ ಕಳಿಸವ್ರಮ್ಮ, ಏರ್‌ಪೋರ್ಟಲ್ಲೇ ನಿಂತೈತೆ," ಎಂದಳು ಕಲ್ಯಾಣಿ. "ಕೆಟ್ಟಿರೋದು ಕೊಟ್ರೇನೇ ಅದನ್ನ ಬಿಡೋದಂತೆ. ನಾವು ಕಳಿಸಿದ ಡಬ್ಬಿ ಬಿಚ್ಚಿದ್ರೆ ಒಳಗೆ ಮಿಷನ್ನೇ ಇಲ್ಲ!"

"ಬದಲಿ ಬಂದಿರೋದು ಹೊಸದಾ?"

"ಇಲ್ಲಮ್ಮ, ಯಾರೋ ಹಾಕ್ಕೊಂಡಿದ್ದನ್ನ ರಿಪೇರಿ ಮಾಡಿರೋದು."

ಅಮ್ಮ ತಲೆದೂಗಿದರು. "ಹಂಗಾದ್ರೆ ಸುಮ್ನೆ ಬಿಡಲ್ಲ. ಕೆಟ್ಟಿದ್ದು ದೇಶ ಬಿಟ್ಟು ಹೋಗುತ್ತೆ ಅಂತ ತೋರಿಸ್ಬೇಕು. ಇಲ್ದಿದ್ರೆ ವಾರಂಟಿ ಹೆಸರು ಹೇಳ್ಕೊಂಡು ಹಳೇ ಮಾಲು ತಂದು ಮಾರೋರು ಸುಮ್ನಿರ್ತಾರಾ? ಸರಿ, ಡಬ್ಬೀಲಿ ಏನಿತ್ತು?"

"ಎರಡು ಅರಿಸಿನದ ಕೊಂಬು." ಅವಳ ದನಿ ಇಳಿಯಿತು. "ಮಾಟ ಮಾಡಿ ಕಳಿಸಿದೀರಾ ಅಂತ ಕಂಪನಿ ಏಜೆಂಟ್ ರಮೇಶ್‌ಬಾಬು ಬೈದ್ರು. ನಮ್ಮೆಜಮಾನ್ರು ಅವ್ರ ತಮ್ಮ ಸುನೀಲನ್ನೇ ಹಿಡ್ಕೊಂಡು ಹೊಡೆದ್ರು. ಅವ್ನು ಮೊಬೈಲ್ ರಿಪೇರಿ ಅಂಗಡಿ ಇಟ್ಟವ್ನೆ, ಬಿಚ್ಚಿ ಮಾರ್ಕೊಂಡವ್ನೆ ಅಂತ. ಸೋಮವಾರದೊಳಗೆ ಸಿಗದಿದ್ರೆ ಬದಲೀದು ವಾಪಸ್ ಹೋಗುತ್ತಂತೆ. ಕೇಳಿಸ್ದೆ ಇವ್ಳು ಕಲ್ತ ಮಾತೆಲ್ಲ ಒಂದೊಂದೇ ಬಿಡ್ತಾವ್ಳೆ. ಮೊನ್ನೆವರೆಗೂ ಅಮ್ಮ ಅಂತಿದ್ಲು."

ಮಗು ತಾಯಿಯ ತುಟಿಯನ್ನೇ ನೋಡುತ್ತಿತ್ತು.

ಅಮ್ಮ ಚಕ್ಕುಲಿಯ ಡಬ್ಬಿಯೊಂದನ್ನು ನನ್ನ ಕೈಗೆ ಕೊಟ್ಟರು. ಕಲ್ಯಾಣಿಯ ಜೊತೆಯಲ್ಲೇ ಕೈವಾರದ ಬಸ್ಸು ಹತ್ತಿದೆವು.

ಮನೆಯಲ್ಲಿ ಕಲ್ಯಾಣಿಯ ಗಂಡ ಮುನೇಶ್ ಮುಖ ಗಂಟಿಕ್ಕಿಕೊಂಡು ಕೂತಿದ್ದ. ಸುನೀಲನ ಕೆನ್ನೆ ಊದಿತ್ತು. ರಮೇಶ್‌ಬಾಬು ಖಾಲಿ ಡಬ್ಬಿ ಹಿಡಿದು ಬಂದಿದ್ದರು. ಅಣ್ಣತಮ್ಮಂದಿರ ತಾಯಿ ಲಕ್ಷ್ಮಿದೇವಮ್ಮ ಯಾರನ್ನೂ ನೋಡದೆ ಮೊಮ್ಮಗಳನ್ನು ಮಡಿಲಿಗೆಳೆದುಕೊಂಡು ಜಡೆ ಹಾಕತೊಡಗಿದರು.

ನಡೆದದ್ದಿಷ್ಟು. ಹಿಂದಿನ ವಾರ ರಮೇಶ್‌ಬಾಬು ಬಂದು ಡಬ್ಬಿಗೆ ಮಿಷನ್ ಇಡಿಸಿ ಹೋಗಿದ್ದರು. ಅವರು ಹೋದ ಮೇಲೆ ಕಲ್ಯಾಣಿ ಒಮ್ಮೆ ತೆರೆದು, ಮಿಷನ್ನನ್ನು ಕಣ್ಣಿಗೊತ್ತಿಕೊಂಡು ಮತ್ತೆ ಮುಚ್ಚಿದ್ದಳು. ಡಬ್ಬಿ ರಾತ್ರಿಯಿಡೀ ದೇವರ ಮನೆಯಲ್ಲಿತ್ತು. ಬೆಳಿಗ್ಗೆ ಸುನೀಲ ಟೇಪು ಸುತ್ತಿ ಕೊರಿಯರಿಗೆ ಕೊಟ್ಟಿದ್ದ.

"ಕೊನೇಗೆ ಕೈಲಿ ಹಿಡ್ಕೊಂಡಿದ್ದು ಇವ್ನೇ ಅಲ್ವಾ ಮೇಡಂ?" ಎಂದ ಮುನೇಶ್.

"ಕದಿಯೋನಾಗಿದ್ರೆ ಚಾರ್ಜರು, ಕೇಬಲ್ಲು ಬಿಡ್ತಿದ್ನಾ?" ಸುನೀಲ ಕಪಾಟಿನ ಕಡೆ ಕೈ ತೋರಿಸಿದ. "ಅವೆಲ್ಲ ಚೆನ್ನಾಗವೆ, ಅಲ್ಲೇ ಬಿದ್ದವೆ. ಕೆಟ್ಟೋಗಿರೋದನ್ನ ಕದಿಯೋಕೆ ನನಗೇನು ತಲೆ ಕೆಟ್ಟೈತಾ?"

"ಬಾಯ್ಮುಚ್ಚೋ!"

ಲಕ್ಷ್ಮಿದೇವಮ್ಮ ಒಂದೇ ಮಾತು ಆಡಿದರು, ಅದೂ ರಮೇಶ್‌ಬಾಬುಗೆ. "ಈಗ ಬದಲಿ ಬಂದೈತಲ್ಲ, ಅದು ಯಾರ ಮನೇದಪ್ಪ?"

"ಅದೆಲ್ಲ ಕಂಪನಿಯೋರು ಹೇಳಲ್ಲಜ್ಜಿ. ಹೊಸದು ಬೇಕು ಅಂದ್ರೆ ದುಡ್ಡು ಕೊಡಿ, ನಾಳೆನೇ ತರಿಸ್ತೀನಿ."

ಮುನೇಶ್ ರಮೇಶ್‌ಬಾಬುವನ್ನು ದುರುಗುಟ್ಟಿಕೊಂಡು ನೋಡಿದ. ನನಗೂ ಒಂದು ಗಳಿಗೆ ಅವರ ಮೇಲೇ ಅನುಮಾನ ಬಂತು.

ಅಷ್ಟರಲ್ಲಿ ಕಲ್ಯಾಣಿ ನಮ್ಮ ಚಕ್ಕುಲಿ ಡಬ್ಬಿಯನ್ನು ತೊಳೆದು ತಂದು ನನಗೆ ಕೊಡಲು ಬಂದಳು. ಲಕ್ಷ್ಮಿದೇವಮ್ಮ ಕೂತಲ್ಲಿಂದಲೇ ಕಿತ್ತುಕೊಂಡರು. "ಏನೇ ಇದು, ಬರೀ ಡಬ್ಬಿ ಕೊಡ್ತೀಯಲ್ಲ!" ಒಳಗೆ ಹೋಗಿ ಒಂದು ಹಿಡಿ ಕಡಲೇಕಾಯಿ ತುಂಬಿಸಿ ತಂದರು.

ನಾನು ಅಮ್ಮನ ಸೆರಗು ಎಳೆದೆ. "ಅಮ್ಮ, ಡಬ್ಬಿ," ಎಂದು ಪಿಸುಗುಟ್ಟಿದೆ.

"ನಾನೂ ನೋಡ್ದೆ ಕಣೇ," ಎಂದರು ಅಮ್ಮ. "ಎಲ್ಲರೂ ಕೂತ್ಕೊಳ್ಳಿ."

ಎಲ್ಲರೂ ಕೂತರು.

"ರಮೇಶ್‌ಬಾಬು ಹೋದ ಮೇಲೂ ಮಿಷನ್ ಡಬ್ಬೀಲೇ ಇತ್ತು. ಆದ್ರಿಂದ ಅವರಲ್ಲ. ದುಡ್ಡಿಗೆ ಕದ್ದೋರು ಚಾರ್ಜರ್ ಬಿಡಲ್ಲ. ಆದ್ರಿಂದ ಸುನೀಲನೂ ಅಲ್ಲ. ತೆಗೆದೋರಿಗೆ ಮಿಷನ್ ಬೇಕಾಗಿರ್ಲಿಲ್ಲ, ಅದು ಹೋಗೋದು ಬೇಡವಾಗಿತ್ತು. ಅದು ಹೋಗದಿದ್ರೆ ಏನಾಗುತ್ತೆ? ಬದಲೀದು ಬರಲ್ಲ. ಅಷ್ಟೇ ಅವರಿಗೆ ಬೇಕಾಗಿದ್ದು."

"ಮಗೂಗೆ ಕೇಳಿಸೋದು ಯಾರಿಗಮ್ಮ ಬೇಡ?" ಎಂದಳು ಕಲ್ಯಾಣಿ.

"ತಡಿ. ಮೋಸ ಮಾಡೋ ಕಳ್ಳ ಡಬ್ಬಿಗೆ ಕಲ್ಲು ಹಾಕ್ತಾನೆ. ನನ್ನ ನೌಕರೀಲಿ ಕಲ್ಲು, ಮರಳು, ಸೋಪು, ಎಲ್ಲ ನೋಡಿದೀನಿ. ಅರಿಸಿನದ ಕೊಂಬು ನೋಡಿಲ್ಲ. ಅದು ಮಾಟಾನೂ ಅಲ್ಲ. ಮನೆಯಿಂದ ಡಬ್ಬಿ ಬರಿದಾಗಿ ಹೋಗಬಾರದು ಅಂತ, ಕದೀವಾಗಲೂ ಮರೀದೇ ಇರೋರು ಹಾಕಿದ್ದು. ಕಲ್ಯಾಣಿ ಈಗ ತಾನೆ ನಮ್ಮ ಡಬ್ಬಿ ಬರಿದಾಗೇ ಕೊಟ್ಲು. ಮುನೇಶನಿಗೆ ಅದು ಕಣ್ಣಿಗೂ ಬೀಳಲಿಲ್ಲ." ಅಮ್ಮನ ದನಿ ಮೆತ್ತಗಾಯಿತು. "ಲಕ್ಷ್ಮಿದೇವಮ್ಮ, ಎಲ್ಲಿಟ್ಟಿದೀರಿ?"

ಅವರು ಎದ್ದು ದೇವರ ಮನೆಗೆ ಹೋದರು. ಅರಿಸಿನದ ಡಬ್ಬದ ತಳದಿಂದ, ಹೊಸ ರವಿಕೆ ಬಟ್ಟೆಯಲ್ಲಿ ಸುತ್ತಿದ ಮಿಷನ್ ತಂದು ನೆಲದ ಮೇಲಿಟ್ಟರು.

"ಅಣ್ಣ ಹೊಡೀತಿದ್ರೆ ನೋಡ್ಕೊಂಡು ಸುಮ್ನಿದ್ದೆಯಲ್ಲವ್ವಾ," ಎಂದ ಸುನೀಲ.

ಅವರು ಮಗನ ಕಡೆ ನೋಡಲಿಲ್ಲ. "ಈ ಫ್ರಾಕು ಪಕ್ಕದ್ಮನೆ ನಲ್ಲಪ್ಪನ ಮಗಳದು. ನಾನು ಬೇಡ ಅಂದ್ನಾ? ಆ ಮಗು ಕಣ್ಮುಂದೆ ಆಡ್ಕೊಂಡೈತೆ. ಕಿವಿ ಹಂಗಲ್ಲ. ಬದುಕಿರೋ ಮಗೂ ಕಿವೀನ ಯಾವ ತಾಯಿ ಬಿಚ್ಚಿ ಕೊಡ್ತಾಳೆ? ಸತ್ತ ಮಗೂದು ಈ ಮಗೂಗೆ ಹಾಕೋದಾ?"

ಕಲ್ಯಾಣಿ ಬಾಯಿಗೆ ಸೆರಗು ಒತ್ತಿಕೊಂಡಳು. ಮುನೇಶ್ ತಲೆ ತಗ್ಗಿಸಿದ.

"ಬೇರೆ ಒಳ್ಳೇ ಮಿಷನ್ ತಗೊಂಡು ಹಳೇದು ವಾಪಸ್ ಕೊಟ್ಟಿರ್ಬೋದು," ಎಂದರು ಅಮ್ಮ. "ಹಂಗೂ ಕೊಡ್ತಾರೆ."

"ನಿಮ್ಗೆ ಗೊತ್ತಾ?"

ಅಮ್ಮ ಸುಳ್ಳು ಹೇಳಿದ್ದನ್ನು ನಾನು ಕಂಡಿರಲಿಲ್ಲ. ಆವತ್ತೊಂದು ದಿನ ಹೇಳಲಿ ಎಂದು ಬೇಡಿಕೊಂಡೆ.

"ಇಲ್ಲ," ಎಂದರು.

ರಮೇಶ್‌ಬಾಬು ಮಿಷನ್ನನ್ನು ಡಬ್ಬಿಗಿಟ್ಟು ಮುಚ್ಚಿದರು. ಲಕ್ಷ್ಮಿದೇವಮ್ಮ ತಡೆಯಲಿಲ್ಲ. ಮೊಮ್ಮಗಳ ಕಿವಿಯ ಹಿಂದಿನ ಕೂದಲನ್ನು ಬೆರಳಿನಿಂದ ಸರಿಸಿ, ಅಲ್ಲೇ ಕೈಯಿಟ್ಟುಕೊಂಡರು.

"ಆ ಬದಲೀದು ಹಾಕ್ಕೊಂಡಿದ್ದ ಮಗು ಚೆನ್ನಾಗೈತಾ ಅಂತ ಕಂಪನಿಯೋರ್ನ ಒಂದ್ ಮಾತು ಕೇಳಪ್ಪ," ಎಂದರು.

ರಮೇಶ್‌ಬಾಬು ಟೇಪಿನ ತುದಿ ಹುಡುಕುತ್ತಿದ್ದರು.